ಹಿರಿಯರೊಡನೆ ಶಿವಗಂಗೆಗೆ

ವಾಚಕರೇ, ಕಳೆದ ತಿಂಗಳು ಇದೇ ಪುಟದಲ್ಲಿ, ಮಾಗಿಯ ಚಳಿಯಲ್ಲಿ ಮನೆಯ ಹಿರಿಯರನ್ನು ಹೇಗೆ ನೋಡಿಕೊಳ್ಳಬೇಕೆಂಬ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಬರೆದವನಿಗೆ ಆ ಮಾತುಗಳು ಎಷ್ಟರ ಮಟ್ಟಿಗೆ ಮನಸ್ಸಿಗೆ ಹತ್ತಿದ್ದುವೆಂಬುದು ಎರಡೇ ವಾರಗಳಲ್ಲಿ ಪರೀಕ್ಷೆಗೆ ಬಂದಿತು. ಆ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾದೆನೆಂದು ಹೇಳಲಾರೆ. ಆದರೂ ನಡೆದುದನ್ನು ಮುಚ್ಚಿಡದೆ ಬರೆದರೆ ಒಂದು ಮನೆಗಾದರೂ ಪ್ರಯೋಜನವಾದೀತೆಂಬ ಆಸೆಯಿಂದ ಈ ಸಲದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ನಮ್ಮ ಬಡಾವಣೆಯ ಉದ್ಯಾನದಲ್ಲಿ ದಿನವೂ ಬೆಳಗ್ಗೆ ತಿರುಗಾಡುವ ಐದು ಜನರ ಒಂದು ಸಣ್ಣ ಕೂಟವಿದೆ. ಪ್ರೌಢಶಾಲೆಯಲ್ಲಿ ಹೆಡ್‌ಮಾಸ್ಟರರಾಗಿದ್ದು ನಿವೃತ್ತರಾದವರು ಒಬ್ಬರು. ಅವರಿಗೆ 74 ವರ್ಷ. ಅವರ ಧರ್ಮಪತ್ನಿಯವರು ಎರಡನೆಯವರು. ಬ್ಯಾಂಕಿನಲ್ಲಿ ಕೆಲಸಮಾಡಿ ವಿಶ್ರಾಂತಿಯಲ್ಲಿರುವ ರಾಯರು ಮೂರನೆಯವರು. 69 ವರ್ಷ ತುಂಬಿದ್ದರೂ ಹಾಸ್ಯಕ್ಕೆ ಕೊರತೆಯಿಲ್ಲ. ಆಸ್ಪತ್ರೆಯಲ್ಲಿ 30 ವರ್ಷ ದಾದಿಯಾಗಿದ್ದವರು ನಾಲ್ಕನೆಯವರು; ನಮಗೆಲ್ಲ ಅವರು ಅಕ್ಕನವರು. ಐದನೆಯವನು ನಾನು. 57 ವರ್ಷದವನಾದ ನಾನೇ ಇವರಲ್ಲಿ ಹುಡುಗನಾದುದರಿಂದ, ಎಲ್ಲಿಗೆ ಹೋಗುವುದಿದ್ದರೂ ಏರ್ಪಾಟಿನ ಯಜಮಾನಿಕೆ ನನಗೇ ಬರುವುದು ವಾಡಿಕೆ.

ಸಂಕ್ರಾಂತಿಯ ಜನಜಂಗುಳಿ ಸೇರುವುದಕ್ಕೆ ಮುಂಚೆ ಒಮ್ಮೆ ಶಿವಗಂಗೆಯ ಬೆಟ್ಟವನ್ನು ಹತ್ತಿ ಬರಬೇಕೆಂದು ಹೆಡ್‌ಮಾಸ್ಟರರು ಬಹುದಿನದಿಂದ ಹೇಳುತ್ತಿದ್ದರು. ತಮ್ಮ ಶಾಲೆಯ ಹುಡುಗರನ್ನು ಕಟ್ಟಿಕೊಂಡು ಹಿಂದೊಮ್ಮೆ ಹತ್ತಿದ್ದರಂತೆ. ಮೇಲಿನ ಬಸವಣ್ಣನನ್ನು ಇನ್ನೊಂದು ಸಲ ನೋಡಬೇಕೆಂಬುದು ಅವರ ಹಂಬಲ. ದಿನ ನಿಶ್ಚಯವಾಯಿತು. ಆಗ ನಾನು, ಉತ್ಸಾಹ ಹೆಚ್ಚಲೆಂದು, ಒಂದು ಪಂತವನ್ನು ಹೂಡಿದೆ: ತುದಿಯನ್ನು ಮುಟ್ಟದೆ ಹಿಂದುಳಿದವರು ಉಳಿದವರೆಲ್ಲರಿಗೂ ಹೋಳಿಗೆಯ ಊಟ ಹಾಕಿಸಬೇಕು. ಎಲ್ಲರೂ ನಕ್ಕು ಒಪ್ಪಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ರಾಯರು.

ಬೆಂಗಳೂರಿನಿಂದ ತುಮಕೂರಿನ ರಸ್ತೆಯಲ್ಲಿ ದಾಬಸ್‌ಪೇಟೆಯವರೆಗೆ ಹೋಗಿ, ಅಲ್ಲಿ ಎಡಕ್ಕೆ ತಿರುಗಿದರೆ ಬೆಟ್ಟದ ಬುಡಕ್ಕೆ ಸೇರುತ್ತೇವೆ. ಒಟ್ಟು 55 ಕಿಲೋಮೀಟರಿನಷ್ಟು ದಾರಿ. ಮಂಜು ಇನ್ನೂ ಹೊಲಗಳ ಮೇಲೆ ಮಲಗಿತ್ತು. ಒಕ್ಕಣೆಗೆಂದು ರೈತರು ರಾಗಿಯ ತೆನೆಯನ್ನು ರಸ್ತೆಯ ಮೇಲೆಯೇ ಹರಡಿದ್ದರು. ಅಕ್ಕನವರು ಕಟ್ಟಿಸಿಕೊಂಡು ಬಂದಿದ್ದ ಅವರೆಕಾಳಿನ ಉಪ್ಪಿಟ್ಟಿನ ಸೊಗಡು ಗಾಡಿಯೊಳಗೆಲ್ಲ ಹಬ್ಬಿತ್ತು.

ಶಿವಗಂಗೆ ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರವಿರುವ ಒಂಟಿ ಬೆಟ್ಟ. ಒಂದು ದಿಕ್ಕಿನಿಂದ ಬಸವನಂತೆಯೂ, ಒಂದು ದಿಕ್ಕಿನಿಂದ ಗಣಪತಿಯಂತೆಯೂ, ಉಳಿದೆರಡು ಕಡೆಗಳಿಂದ ಹೆಡೆಯೆತ್ತಿದ ಸರ್ಪದಂತೆಯೂ ಲಿಂಗದಂತೆಯೂ ಕಾಣುವುದೆಂದು ಜನ ಹೇಳುತ್ತಾರೆ. ದಕ್ಷಿಣಕಾಶಿಯೆಂದು ಇದಕ್ಕೆ ಇನ್ನೊಂದು ಹೆಸರು. ಮೆಟ್ಟಿಲುಗಳನ್ನು ಹತ್ತಿದರೆ ಮೊದಲು ಸಿಕ್ಕುವುದು ಗವಿಯೊಳಗಿನ ಗಂಗಾಧರೇಶ್ವರನ ಗುಡಿ. ಅಲ್ಲಿ ಲಿಂಗಕ್ಕೆ ಸವರಿದ ತುಪ್ಪವು ಬೆಣ್ಣೆಯಾಗುವುದೆಂಬ ನಂಬಿಕೆ ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ನಾವೂ ಸ್ವಾಮಿಯ ದರ್ಶನ ಮಾಡಿ, ಹೊನ್ನಾದೇವಿಗೆ ಕೈಮುಗಿದು, ಎಂಟೂವರೆ ಗಂಟೆಯ ಹೊತ್ತಿಗೆ ಮುಂದಿನ ಏರನ್ನು ಹಿಡಿದೆವು.

ಅಲ್ಲಿಂದ ಮೇಲೆ ದಾರಿ ಕಡಿದಾಗುತ್ತದೆ. ಕೆಲವು ಕಡೆ ಕಟ್ಟಿದ ಮೆಟ್ಟಿಲು, ಕೆಲವು ಕಡೆ ಬಂಡೆಯಲ್ಲಿಯೇ ಕಡಿದ ಮೆಟ್ಟಿಲು. ಕೋತಿಗಳು ಕೈಯಲ್ಲಿದ್ದ ಪೊಟ್ಟಣವನ್ನೇ ಕಿತ್ತುಕೊಳ್ಳುವಷ್ಟು ಧೈರ್ಯವಂತರು. ಹೆಡ್‌ಮಾಸ್ಟರರು ಬೆತ್ತವನ್ನು ಊರುತ್ತ ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದರು; ನಾಚಿಕೆಯಿಲ್ಲದೆ ನಿಲ್ಲುತ್ತಿದ್ದರು. ರಾಯರು ಮಾತ್ರ ನನ್ನ ಬೆನ್ನಿಗೇ ಬರುತ್ತಿದ್ದರು. ಬುಡದಲ್ಲಿ ಇದ್ದಾಗ ಬಾಯಿಗೆ ಬಿಡುವಿಲ್ಲದೆ ಕಥೆ ಹೇಳುತ್ತಿದ್ದವರು ಗುಡಿಯನ್ನು ದಾಟಿದ ಮೇಲೆ ಮೌನವಾಗಿದ್ದರು. “ರಾಯರಿಗೆ ಇಂದು ಭಕ್ತಿ ಹತ್ತಿದೆ” ಎಂದು ನಾನು ಪರಿಹಾಸ್ಯ ಮಾಡಿದೆ. ಅವರು ನಕ್ಕರು, ಉತ್ತರ ಕೊಡಲಿಲ್ಲ. ನಾನು ಅದನ್ನು ಗಮನಿಸಲಿಲ್ಲ.

ಒಳಕಲ್ಲು ತೀರ್ಥಕ್ಕೆ ಬಂದೆವು. ಬಂಡೆಯಲ್ಲಿ ಒಳಕಲ್ಲಿನ ಬಾಯಿಯಂತಹ ಒಂದು ರಂಧ್ರ. ಒಳಗೆ ಕೈಯಿಳಿಸಿದವರಿಗೆ ನೀರು ಸಿಕ್ಕಿದರೆ ಅದೃಷ್ಟವೆಂದು ಭಾವನೆ. ಒಬ್ಬೊಬ್ಬರಾಗಿ ಬಾಗಿ ಕೈಯಿಟ್ಟೆವು. ರಾಯರು, “ನನ್ನ ಅದೃಷ್ಟ ನನಗೆ ಗೊತ್ತು” ಎಂದು ಕುಳಿತಲ್ಲಿಂದ ಏಳಲಿಲ್ಲ.

ಎಲ್ಲರೂ ನೆರಳಿನಲ್ಲಿ ಕುಳಿತು ಕಿತ್ತಳೆಯ ಹಣ್ಣನ್ನು ಬಿಡಿಸಿದೆವು. ಹೆಡ್‌ಮಾಸ್ಟರರು ಮೇಲಿನ ಶಿಖರದ ಕಡೆಗೆ ಕೈತೋರಿಸಿ, ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲದೇವಿಯ ವಿಷಯವನ್ನು ಎತ್ತಿದರು. ಆಕೆ ಶಿಖರದಿಂದ ಧುಮುಕಿದಳೆಂಬುದು ಜನರ ಬಾಯಲ್ಲಿರುವ ಕಥೆ. ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದೂ, ಆ ದುಃಖದಲ್ಲಿ ಆಕೆಯ ತಾಯಿ ಮಾಚಿಕಬ್ಬೆ ಬೆಳ್ಗೊಳದಲ್ಲಿ ಅನ್ನವನ್ನು ತೊರೆದು ದೇಹವನ್ನು ಬಿಟ್ಟಳೆಂದೂ ಶ್ರವಣಬೆಳ್ಗೊಳದ ಶಾಸನದಿಂದ ತಿಳಿಯುತ್ತದೆ. ಇದನ್ನು ಹೇಳಿ ಹೆಡ್‌ಮಾಸ್ಟರರು, “ನೋಡಿ, ಹೋದವಳು ಮಗಳೊಬ್ಬಳೇ ಅಲ್ಲ. ಮನೆಯಲ್ಲಿ ಒಬ್ಬರಿಗೆ ಬಂದದ್ದು ಒಬ್ಬರಲ್ಲಿಯೇ ನಿಲ್ಲುವುದಿಲ್ಲ” ಎಂದರು.

ಅಕ್ಕನವರು ಆ ಮಾತನ್ನು ಕೇಳುತ್ತಲೇ ರಾಯರ ಮುಖವನ್ನು ನೋಡುತ್ತಿದ್ದರು. “ರಾಯರೇ, ನಿಮ್ಮ ಬ್ಯಾಂಕಿಗೆ ಬರುತ್ತಿದ್ದ ಆ ಅಡಕೆ ಸಾಹುಕಾರರ ಕಥೆಯನ್ನು ಇನ್ನೊಮ್ಮೆ ಹೇಳಿ” ಎಂದು ಕೇಳಿದರು. ರಾಯರು ಆರಂಭಿಸಿದರು. ಒಂದು ವಾಕ್ಯ ಮುಗಿಯುವುದರೊಳಗೆ ಎರಡು ಸಲ ಉಸಿರಿಗೆ ನಿಂತರು. ತಣ್ಣನೆಯ ಗಾಳಿ ಬೀಸುತ್ತಿದ್ದರೂ ಹಣೆಯಲ್ಲಿ ಬೆವರು. ಅಕ್ಕನವರು ಎದ್ದು ಬಂದು ಅವರ ಕೈಹಿಡಿದು ನಾಡಿಯನ್ನು ನೋಡಿದರು. “ಎದೆಯಲ್ಲಿ ಏನಾದರೂ ಇದೆಯೇ? ನಿಜವನ್ನು ಹೇಳಿ” ಎಂದರು.

ಆಗ ರಾಯರು ಹೇಳಿದರು. ಗುಡಿಯ ಮೆಟ್ಟಿಲಿನಿಂದಲೂ ಎದೆಯ ಮೇಲೆ ಕಲ್ಲು ಹೇರಿದ ಹಾಗೆ ಇದೆ. ನಿಂತರೆ ಇಳಿಯುತ್ತದೆ, ಹತ್ತಿದರೆ ಮತ್ತೆ ಬರುತ್ತದೆ. ಮೂರು ವಾರಗಳಿಂದ ಮನೆಯ ಮಹಡಿಯ ಮೆಟ್ಟಿಲಿನಲ್ಲಿಯೂ ಹೀಗೆಯೇ. “ಮಗನಿಗೆ ಹೇಳಿದರೆ ಮನೆಯಿಂದ ಹೊರಕ್ಕೇ ಬಿಡುವುದಿಲ್ಲ. ಇಲ್ಲಿ ಹೇಳಿದರೆ ನನ್ನೊಬ್ಬನಿಂದ ನೀವೆಲ್ಲ ಹಿಂದಿರುಗಬೇಕು. ಅದರ ಮೇಲೆ ಪಂತ ಬೇರೆ” ಎಂದು ತಲೆಯನ್ನು ತಗ್ಗಿಸಿದರು.

ಈಗ ನಾನು ಆಡಿದ ಮಾತನ್ನು ಬರೆಯಲೇಬೇಕು. “ಅಕ್ಕನವರೂ ರಾಯರೂ ಇಲ್ಲಿಯೇ ಕುಳಿತಿರಲಿ, ನಾವು ಮೂವರು ಬೇಗ ತುದಿಯನ್ನು ಮುಟ್ಟಿ ಬಂದುಬಿಡೋಣ” ಎಂದೆ! ಹೆಡ್‌ಮಾಸ್ಟರರು ನನ್ನನ್ನು ಶಾಲೆಯ ಹುಡುಗನನ್ನು ನೋಡುವ ಹಾಗೆ ನೋಡಿ, “ಮೇಲಿರುವ ಬಸವಣ್ಣ ಕಲ್ಲಿನವನು, ಕಾಯಬಲ್ಲ. ಏಳಪ್ಪ, ಇಳಿಯೋಣ” ಎಂದರು. ಬಹುದಿನದ ಹಂಬಲವನ್ನು ಅವರು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟುದನ್ನು ಕಂಡು ನನಗಾದ ನಾಚಿಕೆ ಇನ್ನೂ ಹೋಗಿಲ್ಲ.

ಅಕ್ಕನವರು ರಾಯರನ್ನು ಅರ್ಧ ಗಂಟೆ ಅಲುಗಾಡಿಸದೆ ಕುಳ್ಳಿರಿಸಿದರು. ಕೆಲವೇ ನಿಮಿಷಗಳಲ್ಲಿ ಎದೆ ಹಗುರಾಯಿತು. ಹಾಗೆ ಆಗದಿದ್ದಲ್ಲಿ ಒಂದು ಮೆಟ್ಟಿಲನ್ನೂ ಇಳಿಸಕೂಡದು, 108ಕ್ಕೆ ಕರೆಮಾಡಿ ಸಹಾಯವನ್ನು ತರಿಸಬೇಕು ಎಂದು ಅವರು ಆಗಲೇ ನನಗೆ ಹೇಳಿಟ್ಟಿದ್ದರು. ಬೆಟ್ಟ ನೋಡಲು ಬಂದಿದ್ದ ಇಬ್ಬರು ತರುಣರು, ಯಾರೋ ಎತ್ತವೋ, ತಮ್ಮ ದಾರಿಯನ್ನು ಬಿಟ್ಟು ರಾಯರ ಎರಡು ಪಕ್ಕದಲ್ಲಿ ನಡೆದರು. ಪ್ರತಿ ತಿರುವಿನಲ್ಲಿಯೂ ಕುಳಿತು ಎದ್ದು ಬುಡವನ್ನು ಸೇರಿ, ಮನೆಯ ಕಡೆಗೆ ತಿರುಗದೆ ನೆಟ್ಟಗೆ ಆಸ್ಪತ್ರೆಗೆ ಹೋದೆವು. ಹೃದಯದ ಎರಡು ರಕ್ತನಾಳಗಳು ಬಹಳವಾಗಿ ಕಿರಿದಾಗಿದ್ದುವೆಂದು ಪರೀಕ್ಷೆಯಿಂದ ತಿಳಿದು, ಮರುದಿನವೇ ಸ್ಟೆಂಟು ಹಾಕಿದರು. ನಾಲ್ಕನೆಯ ದಿನ ರಾಯರು ಮನೆಗೆ ಬಂದರು.

ಒಳಕಲ್ಲು ತೀರ್ಥದಿಂದ ಮೇಲೆ, ಕಬ್ಬಿಣದ ಕಂಬಿಯನ್ನು ಹಿಡಿದು ಹತ್ತಬೇಕಾದ ಆ ಕಡಿದಾದ ಬಂಡೆಯ ಮೇಲೆ ಹೋಗಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಲಾರರು. ಅದನ್ನು ತಿಳಿಯುವ ಪ್ರಸಂಗ ಬಾರದೆ ಹೋದುದೇ ಭಾಗ್ಯ.

ಇದರಿಂದ ನಾನು ಕಲಿತುದನ್ನು ಗೃಹಸ್ಥರ ಉಪಯೋಗಕ್ಕಾಗಿ ಹೇಳುತ್ತೇನೆ. ಚಳಿಯಲ್ಲಿ ರಕ್ತನಾಳಗಳು ಸಂಕೋಚಗೊಂಡು ರಕ್ತದ ಒತ್ತಡ ಏರುವುದು. ಹೃದಯಕ್ಕೆ ಕೆಲಸ ಹೆಚ್ಚುವುದು. ಆದುದರಿಂದ ಮಾಗಿಯಲ್ಲಿ ಹಿರಿಯರು ಬಿಸಿಲು ಬಂದ ಮೇಲೆ ಹೊರಡುವುದೂ, ಮೊದಲ ಕಾಲು ಗಂಟೆ ಸಮನಾದ ನೆಲದಲ್ಲಿ ಮೆಲ್ಲನೆ ನಡೆದು ಮೈ ಬೆಚ್ಚಗಾದ ಮೇಲೆ ಏರನ್ನು ಹಿಡಿಯುವುದೂ ಒಳ್ಳೆಯದು. ಒಂದು ದಪ್ಪ ಉಡುಪಿಗಿಂತ, ಬೇಕಾದಾಗ ಕಳಚಬಹುದಾದ ಎರಡು ಮೂರು ತೆಳುವಾದ ಉಡುಪುಗಳು ಮೇಲು. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಚಳಿಯಲ್ಲಂತೂ ನೀರಿನ ನೆನಪೇ ಆಗದು. ಆದುದರಿಂದ ಕೇಳದಿದ್ದರೂ ನೀರನ್ನು ಕೊಡಬೇಕು. ಸಕ್ಕರೆಯ ಕಾಯಿಲೆಗೆ ಮಾತ್ರೆಯನ್ನೋ ಸೂಜಿಮದ್ದನ್ನೋ ತೆಗೆದುಕೊಳ್ಳುವವರ ಜೇಬಿನಲ್ಲಿ ಒಂದು ಚೂರು ಬೆಲ್ಲವಿರಲಿ. ಹತ್ತುವಾಗ ಶ್ರಮ ಎದೆಗೆ, ಇಳಿಯುವಾಗ ಮಂಡಿಗೆ. ತುದಿಯನ್ನು ಮುಟ್ಟಿದಾಗ ಅರ್ಧ ಕೆಲಸ ಮಾತ್ರ ಮುಗಿದಿರುತ್ತದೆಂಬುದನ್ನು ಮರೆಯಬಾರದು.

ಇವೆಲ್ಲಕ್ಕಿಂತ ಮಿಗಿಲಾದ ಸೂತ್ರ ಅಕ್ಕನವರದು: “ಮಾತು ನಿಂತಿತೆಂದರೆ ಕಾಲೂ ನಿಲ್ಲಬೇಕು.” ನಡೆಯುತ್ತ ಒಂದು ಪೂರ್ತಿ ವಾಕ್ಯವನ್ನು ಆಡಲಾರದವನು ತನ್ನ ಶಕ್ತಿಯನ್ನು ಮೀರಿ ನಡೆಯುತ್ತಿದ್ದಾನೆ. ಆದರೆ ಮಾತು ನಿಂತುದನ್ನು ಕೇಳಿಸಿಕೊಳ್ಳುವುದಕ್ಕೆ ಜೊತೆಯವರಿಗೆ ಕಿವಿಯಿರಬೇಕು. ನನ್ನ ಕಿವಿಯಲ್ಲಿ ಪಂತ ತುಂಬಿತ್ತು. ಹಿರಿಯರು ನೋವನ್ನು ಮುಚ್ಚಿಡುವುದು ಅನೇಕ ವೇಳೆ ನಮ್ಮ ಸಂತೋಷ ಕೆಡದಿರಲೆಂದು. “ನನ್ನಿಂದಾಗದು” ಎಂದು ಹೇಳಲು ಅವರಿಗೆ ಸಂಕೋಚವಾಗದಂತೆ ನಾವು ನಡೆದುಕೊಳ್ಳದಿದ್ದರೆ, ಆ ಮುಚ್ಚಿಡುವಿಕೆಯಲ್ಲಿ ಅರ್ಧ ಪಾಲು ನಮ್ಮದೇ.

ಕಳೆದ ಭಾನುವಾರ ನಮ್ಮ ಕೂಟ ಮತ್ತೆ ಸೇರಿತ್ತು. ಪಂತದ ವಿಚಾರ ಬಂದಾಗ ಹೆಡ್‌ಮಾಸ್ಟರರು, ಹೂಡಿದವನೇ ಸೋತನೆಂದು ತೀರ್ಪು ಕೊಟ್ಟರು. ಅದರಂತೆ ಹೋಳಿಗೆಯ ಊಟ ನಮ್ಮ ಮನೆಯಲ್ಲಿಯೇ ನಡೆಯಿತು. ರಾಯರ ಹೋಳಿಗೆಗೆ ತುಪ್ಪ ಬೀಳದಂತೆ ಅಕ್ಕನವರು ಪಕ್ಕದಲ್ಲಿಯೇ ಕುಳಿತು ಕಾವಲಿದ್ದರು. ಎಲೆಯ ಮುಂದೆ ರಾಯರು ಅಡಕೆ ಸಾಹುಕಾರರ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲಿಯೂ ನಿಲ್ಲದೆ, ಹೇಳಿ ಮುಗಿಸಿದರು. ನಾವೆಲ್ಲ ಹತ್ತು ಸಲ ಕೇಳಿದ ಕಥೆ. ಆದರೂ ಅಂದು ಒಬ್ಬರೂ ನಡುವೆ ಮಾತನಾಡಲಿಲ್ಲ.