ತೂಕ ಇಳಿಸಲು ಇಂಜೆಕ್ಷನ್ನಾ, ಆಪರೇಷನ್ನಾ?

ನಾಗರಬಾವಿ, ವಿಜಯನಗರ ಕಡೆ ನೆಲೆಸಿರುವ ನಮ್ಮ ಊರಿನವರ ಮನೆಗಳಲ್ಲೂ ಈಗ ಈ ಲೆಕ್ಕಾಚಾರ ಶುರುವಾಗಿದೆ. ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ಸಾಕಾ, ಇಲ್ಲ ಆಪರೇಷನ್ನೇ ಮಾಡಿಸಬೇಕಾ? 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದವು. 2026ರ ಮಾರ್ಚ್‌ನಲ್ಲಿ ವೆಗೋವಿಯ ಮೂಲವಸ್ತು ಸೆಮಾಗ್ಲುಟೈಡ್‌ನ ಪೇಟೆಂಟ್ ಮುಗಿದು, ದೇಶೀ ಕಂಪೆನಿಗಳ ಅಗ್ಗದ ಔಷಧಕ್ಕೂ ದಾರಿಯಾಯಿತು.

ಆಪರೇಷನ್ ಎಂದರೆ ಹೆದರಿಕೆ ಸಹಜ. ಅದಕ್ಕೆ ಪಶ್ಚಿಮ ಬೆಂಗಳೂರಿನಲ್ಲೇ ಒಂದು ಕಾರಣವಿದೆ. 2022ರ ಮೇ 16ರಂದು ರಾಜಾಜಿನಗರದ ಖಾಸಗಿ ಕ್ಲಿನಿಕ್‌ನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿದ್ದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ವಯಸ್ಸು ಬರೀ 21. ಆದರೆ ಚರ್ಮದಡಿಯ ಕೊಬ್ಬು ತೆಗೆಯುವುದು ಅಂದ ತಿದ್ದುವ ಕೆಲಸ, ಬೊಜ್ಜಿನ ಚಿಕಿತ್ಸೆಯಲ್ಲ. ವೈದ್ಯರು ಹೇಳುವ ಬೇರಿಯಾಟ್ರಿಕ್ ಆಪರೇಷನ್ನೇ ಬೇರೆ. ಅದರಲ್ಲಿ ಜಠರವನ್ನೇ ಚಿಕ್ಕದು ಮಾಡುತ್ತಾರೆ. ಇವೆರಡನ್ನು ಒಂದೇ ಅಂದುಕೊಂಡು ಹೆದರುವವರೂ ಇದ್ದಾರೆ, ಒಂದೇ ಅಂದುಕೊಂಡು ಯಾವುದೋ ಬ್ಯೂಟಿ ಕ್ಲಿನಿಕ್‌ಗೆ ಹೋಗುವವರೂ ಇದ್ದಾರೆ. ಎರಡನೆಯದು ಹೆಚ್ಚು ಅಪಾಯ.

ಫಲಿತಾಂಶ ನೋಡೋಣ. ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್ ಸುಮಾರು 15 ಶೇಕಡಾ, ಮೌಂಜಾರೊ ಹೆಚ್ಚಿನ ಡೋಸ್‌ನಲ್ಲಿ ಸುಮಾರು 20 ಶೇಕಡಾ ತೂಕ ಇಳಿಸಿದೆ. ಆಪರೇಷನ್‌ನಲ್ಲಿ ಸಾಮಾನ್ಯವಾಗಿ 25ರಿಂದ 30 ಶೇಕಡಾ. ಆದರೆ ನಿಜವಾದ ಪ್ರಶ್ನೆ ಇಂಜೆಕ್ಷನ್ ನಿಲ್ಲಿಸಿದ ಮೇಲೆ ಏನು ಎಂಬುದು. ಸೆಮಾಗ್ಲುಟೈಡ್ ಬಿಟ್ಟವರಲ್ಲಿ, ಇಳಿದಿದ್ದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ವಾಪಸ್ ಬಂದಿತ್ತು. ಅಂದರೆ ಇದು ಬಿಪಿ ಮಾತ್ರೆಯ ಹಾಗೆ, ನಾಲ್ಕು ತಿಂಗಳ ಕೋರ್ಸ್ ಅಲ್ಲ. ಮೌಂಜಾರೊ ಬಂದಾಗ 5 ಎಂಜಿ ಬಾಟಲಿಗೆ 4,375 ರೂಪಾಯಿ. ವಾರಕ್ಕೊಂದರಂತೆ ವರ್ಷಕ್ಕೆ 2.27 ಲಕ್ಷ ದಾಟುತ್ತದೆ! ಅಗ್ಗದ ಔಷಧ ಬಂದರೂ ಎಷ್ಟು ವರ್ಷ ಎಂಬ ಲೆಕ್ಕ ತಪ್ಪುವುದಿಲ್ಲ. (ಗಲ್ಫ್‌ನಿಂದ ಬರುವವರ ಬ್ಯಾಗಿನಲ್ಲಿ ತರಿಸುವ ಯೋಚನೆ ಇದ್ದರೆ, ಇದು ಫ್ರಿಜ್ಜಿನಲ್ಲಿಡಬೇಕಾದ ಔಷಧ ಎಂಬುದು ನೆನಪಿರಲಿ.)

ಆಪರೇಷನ್ ಕೂಡ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ, ಅದನ್ನು ಮತ್ತೆ ಜೋಡಿಸಲಾಗದು. ವಿಟಮಿನ್ ಮಾತ್ರೆ, ರಕ್ತಪರೀಕ್ಷೆ ಜೀವನವಿಡೀ. ಆದರೂ ತೂಕ ತೀರಾ ಹೆಚ್ಚಿದ್ದು ಶುಗರ್ ಹತೋಟಿಗೆ ಬಾರದವರಿಗೆ ನನ್ನ ಮಟ್ಟಿಗೆ ಇದೇ ಗಟ್ಟಿ ದಾರಿ. ಹತ್ತಿಪ್ಪತ್ತು ಕಿಲೋ ಇಳಿಯಬೇಕಾದವರು ಕತ್ತರಿಯ ಕಡೆ ನೋಡುವ ಅಗತ್ಯವಿಲ್ಲ.

ಕುಟುಂಬ ಸಿಕ್ಕಿಬೀಳುವುದು ವಿಮೆಯಲ್ಲಿ. ಎತ್ತರ-ತೂಕದ ಲೆಕ್ಕವಾದ ಬಿಎಂಐ 27.5 ದಾಟಿದ ಏಷ್ಯಾದವರಿಗೂ ಆಪರೇಷನ್ ಪರಿಗಣಿಸಬಹುದು ಎಂದು 2022ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಸಂಘಗಳು ಹೇಳಿದವು. 165 ಸೆಂ.ಮೀ. ಎತ್ತರದವರಿಗೆ ಇದು 75 ಕಿಲೋ. ನಮ್ಮ ವಿಮಾ ಪಾಲಿಸಿಗಳ ಪ್ರಮಾಣಿತ ಷರತ್ತು ಮಾತ್ರ ಬಿಎಂಐ 40 ಕೇಳುತ್ತದೆ. ಅಂದರೆ ಅದೇ ಎತ್ತರಕ್ಕೆ 109 ಕಿಲೋ. ಹೃದ್ರೋಗ, ಹತೋಟಿಗೆ ಬಾರದ ಮಧುಮೇಹದಂಥ ಕಾಯಿಲೆ ಇದ್ದರೆ 35, ಸುಮಾರು 95 ಕಿಲೋ. ಅದೂ ಬೇರೆ ಚಿಕಿತ್ಸೆ ಫಲಿಸದಿದ್ದರೆ. ನಡುವೆ ಇರುವವರು ಕೈಯಿಂದಲೇ ಲಕ್ಷಗಟ್ಟಲೆ ಹಾಕಬೇಕು. ಕಾಯಿಲೆ ಬಲಿಯುವ ತನಕ ಕಾಯಿರಿ ಎಂದಂತಾಯಿತು, ಇದು ಬದಲಾಗಲೇಬೇಕು.

ಇನ್ನು ಮದುವೆಯ ವಿಷಯ. ನಿಖಾಹ್‌ಗೆ ಆರು ತಿಂಗಳಿದೆ, ಹುಡುಗಿ ಸಪೂರ ಆಗಲಿ ಎಂದು ಇಂಜೆಕ್ಷನ್ ಕೊಡಿಸುವ ಮನೆಯವರು ಒಂದು ಮಾತು ತಿಳಿದಿರಬೇಕು. ಗರ್ಭ ಧರಿಸುವ ಕನಿಷ್ಠ 2 ತಿಂಗಳು ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಬೇಕು. ಆಪರೇಷನ್ ಆದರೆ 12ರಿಂದ 18 ತಿಂಗಳು ಕಾಯಲು ವೈದ್ಯರು ಹೇಳುತ್ತಾರೆ. ಇದನ್ನು ಮೊದಲು ಹುಡುಗಿಗೆ ಹೇಳಿ, ಆಮೇಲೆ ಅವಳನ್ನೇ ಕೇಳಿ.