ಮಾತನ್ನು ನುಂಗುವ ಕೋಣೆ

ಎಂಜಿನಿಯರಿಂಗ್ ಮುಗಿಸಿದ ಹುಡುಗಿಯೊಬ್ಬಳು ಊರಿನ ಮನೆಯಲ್ಲಿ ಕೂತು ಫೋನಿನಲ್ಲಿ ಕೆಲಸದ ಸಂದರ್ಶನ ಎದುರಿಸುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಅತ್ತ ಕಂಪೆನಿಯ ಸಭಾ ಕೊಠಡಿಯಲ್ಲಿ ಉದ್ದನೆಯ ಮೇಜು, ಸುತ್ತ ನಾಲ್ವರು, ನಡುವೆ ಒಂದು ಸ್ಪೀಕರ್ ಫೋನು. ಮೇಜಿನ ತುದಿಯಲ್ಲಿ ಕೂತವರ ಪ್ರಶ್ನೆ ಬಾವಿಯೊಳಗಿನಿಂದ ಬಂದಂತೆ ಕೇಳಿಸುತ್ತದೆ. ‘ಸಾರ್, ಇನ್ನೊಮ್ಮೆ ಹೇಳ್ತೀರಾ?’ ಎಂದು ಎರಡು ಸಲ ಕೇಳಿದವಳು ಮೂರನೆಯ ಸಲ ಸಂಕೋಚಪಟ್ಟು ಊಹೆಯ ಮೇಲೆ ಉತ್ತರಿಸುತ್ತಾಳೆ. ಕೇಳಿದ ಪ್ರಶ್ನೆಯೇ ಬೇರೆ! ಪಕ್ಕದ ಕೋಣೆಯಲ್ಲಿ ಉಸಿರು ಬಿಗಿಹಿಡಿದು ನಿಂತ ಅಪ್ಪ, ಅಮ್ಮ ನೆಟ್‌ವರ್ಕನ್ನು ಶಪಿಸುತ್ತಾರೆ.

ಎಷ್ಟೋ ಸಲ ಶಪಿಸಬೇಕಾದದ್ದು ಆ ಕೊಠಡಿಯನ್ನು.

ಬಾಯಿಯಿಂದ ಹೊರಟ ಶಬ್ದ ಮೈಕನ್ನು ನೇರವಾಗಿಯೂ ಮುಟ್ಟುತ್ತದೆ. ಗಾಜು, ಗೋಡೆ, ಚಾವಣಿಗಳಿಗೆ ಬಡಿದು ತುಸು ತಡವಾಗಿಯೂ ಮುಟ್ಟುತ್ತದೆ. ದೂರ ಎರಡು ಪಟ್ಟಾದಾಗಲೆಲ್ಲ ನೇರ ಶಬ್ದ 6 ಡೆಸಿಬೆಲ್‌ನಷ್ಟು ಕುಗ್ಗುತ್ತದೆ, ಅಂದರೆ ಅದರ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಅರ್ಧ ಮೀಟರಿನಲ್ಲಿದ್ದವರು ಎರಡು ಮೀಟರಿಗೆ ಸರಿದರೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು. ಗೋಡೆಗಳಿಂದ ಮರಳಿದ ಶಬ್ದವಾದರೋ ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ವಾಲ್ಯೂಮ್ ಏರಿಸಿದರೆ ಎರಡೂ ಒಟ್ಟಿಗೇ ಏರುತ್ತವೆ, ಗೊಂದಲ ಹಾಗೇ ಇರುತ್ತದೆ. ಕೊಠಡಿಯಲ್ಲಿ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ. ಅವರಿಗೆ ಎರಡು ಕಿವಿಗಳಿವೆ, ಎದುರಿನವರ ತುಟಿಯೂ ಕಾಣುತ್ತದೆ.

ಈ ತೊಂದರೆ ಫೋನಿನ ಜೊತೆ ಹುಟ್ಟಿದ್ದಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನಲ್ಲಿ ಕಟ್ಟಿದ್ದ ಹೊಸ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತಿನ ಗುಂಗು ಸುಮಾರು 5.5 ಸೆಕೆಂಡು ಉಳಿಯುತ್ತಿತ್ತು. ಮೇಷ್ಟ್ರ ಒಂದು ವಾಕ್ಯದ ಮೇಲೆ ಇನ್ನೊಂದು ಬಿದ್ದು ಎಲ್ಲ ಕಲಸುಮೇಲೋಗರ. ಸರಿಪಡಿಸುವ ಕೆಲಸ ವಾಲೇಸ್ ಸೇಬಿನ್ ಎಂಬ ತರುಣ ಭೌತಶಾಸ್ತ್ರ ಅಧ್ಯಾಪಕರ ಪಾಲಿಗೆ ಬಂತು. ಅವರು ಸ್ಯಾಂಡರ್ಸ್ ಥಿಯೇಟರಿನ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಆರ್ಗನ್ ಕೊಳವೆಯ ನಾದ ಎಷ್ಟು ಹೊತ್ತು ನಿಲ್ಲುತ್ತದೆಂದು ಅಳೆದರು. ಮೆತ್ತೆ ಹೆಚ್ಚಿದಷ್ಟೂ ಗುಂಗು ಕಡಿಮೆ. ಕೋಣೆಗಳ ಧ್ವನಿವಿಜ್ಞಾನ ಬೆಳೆದದ್ದು ಇಲ್ಲಿಂದ. ಗಾಜಿನ ಗೋಡೆಯ ಸಭಾ ಕೊಠಡಿ ಕಟ್ಟಿಸುವವರು ಈ ಕತೆ ಕೇಳಿದಂತಿಲ್ಲ.

ಸ್ಪೀಕರ್ ಫೋನಿಗೆ ಇನ್ನೊಂದು ಕಷ್ಟವುಂಟು. ಅದರ ಸ್ಪೀಕರಿನ ಸದ್ದು ಅದರದೇ ಮೈಕಿಗೆ ಹೋಗಿ, ಹುಡುಗಿಗೆ ತನ್ನ ಮಾತೇ ಮರಳಿ ಕೇಳಿಸುತ್ತದೆ. ಹಳೆಯ ಯಂತ್ರಗಳು ಒಂದು ಕಡೆಯವರು ಮಾತಾಡುವಾಗ ಇನ್ನೊಂದು ಕಡೆಯನ್ನು ಮುಚ್ಚಿಬಿಡುತ್ತಿದ್ದವು. ಈಗಿನವು ಬಂದ ಧ್ವನಿಯನ್ನು ಕೋಣೆ ಹೇಗೆ ಬದಲಿಸುತ್ತದೆಂದು ಅಂದಾಜು ಮಾಡಿ, ಅಷ್ಟನ್ನು ಮೈಕಿನ ಸದ್ದಿನಿಂದ ಕಳೆಯುತ್ತವೆ. ಈ ಉಪಾಯಕ್ಕೆ ಬುನಾದಿ ಹಾಕಿದವರಲ್ಲಿ ಬೆಲ್ ಪ್ರಯೋಗಾಲಯದ ಮನ್ ಮೋಹನ್ ಸೋಂಧಿ ಒಬ್ಬರು. 1967ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಅವರು ಸಂಪರ್ಕ ಎಂಜಿನಿಯರಿಂಗ್ ಓದಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ! ಮಾತಿನ ನಡುವೆ ಫೋನನ್ನು ಅತ್ತಿತ್ತ ಎಳೆದರೆ ಯಂತ್ರ ಪಾಪ, ಕೋಣೆಯನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಹಾಗಾಗಿ ಫೋನಿನ ಜಾಗ ಆರಂಭದಲ್ಲೇ ಗೊತ್ತಾಗಬೇಕು. ‘ಧ್ವನಿ ದೂರದಿಂದ ಬರುತ್ತಿದೆ, ಫೋನು ಸ್ವಲ್ಪ ಹತ್ತಿರ ಇಟ್ಟುಕೊಳ್ಳಬಹುದೆ?’ ಎಂದು ಮೊದಲ ನಿಮಿಷದಲ್ಲೇ ವಿನಯದಿಂದ ಕೇಳುವ ಅಭ್ಯರ್ಥಿಯನ್ನು ಯಾರೂ ಒರಟು ಎನ್ನಲಾರರು. ಊಹೆಯ ಉತ್ತರಕ್ಕಿಂತ ಅದು ಎಷ್ಟೋ ಮೇಲು. ಅತ್ತ ಕಡೆಯವರು ಪರದೆಯಿರುವ ಚಿಕ್ಕ ಕೋಣೆ ಆರಿಸಿಕೊಂಡು, ಕುರ್ಚಿಗಳನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡರೆ ಅರ್ಧ ತೊಂದರೆ ತೀರುತ್ತದೆ. ಮೈಕಿನ ಪಕ್ಕದಲ್ಲೇ ಕಾಗದ ಮಗುಚುವುದು, ಚಹಾ ಕಪ್ಪು ಇಡುವುದು ಬೇಡ. ಹಳೆಯ ಮಾದರಿಯ ದೂರವಾಣಿ ಮಾರ್ಗಗಳು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತವೆ. ಅಂಥಲ್ಲಿ ‘ಎಸ್’ ಮತ್ತು ‘ಎಫ್’ ಒಂದೇ ಥರ ಕೇಳುತ್ತವೆ. ಆದ್ದರಿಂದ ಹೆಸರನ್ನೂ ಇಮೇಲ್ ವಿಳಾಸವನ್ನೂ ಬಿಡಿಸಿ ಹೇಳಬೇಕು.

ಮನೆಯಲ್ಲಿ ಹುಡುಗಿಗೆ ಸರಿಯಾದ ಜಾಗ ನೆಂಟರನ್ನು ಕೂರಿಸುವ ಮೊಸಾಯಿಕ್ ನೆಲದ ಹಜಾರವಲ್ಲ. ಹಾಸಿಗೆ, ದಿಂಬು, ಬಟ್ಟೆ ತುಂಬಿದ ಮಲಗುವ ಕೋಣೆ ವಾಸಿ. ಫೋನು ಸ್ಪೀಕರಿನಲ್ಲಿರದೆ ಕೈಯಲ್ಲಿರಲಿ, ಇಲ್ಲವೇ ಮೈಕಿರುವ ಇಯರ್‌ಫೋನು ಇರಲಿ. ಫ್ಯಾನು ನಿಂತಿರಲಿ. ಅಡುಗೆಮನೆಯ ಕುಕ್ಕರಿನ ಸೀಟಿ ಅರ್ಧ ಗಂಟೆ ಕಾಯಲಿ.