ನೀರುನಾಯಿಯೂ ಕ್ಯಾಮೆರಾದ ಕಣ್ಣೂ

ಗೌರಿಬಿದನೂರಿನ ವಿದ್ಯಾರ್ಥಿಗೆ ಉತ್ತರ ಪಿನಾಕಿನಿಯೆಂದರೆ ವರ್ಷದ ಬಹುಕಾಲ ಬರಿಯ ಮರಳಿನ ಹಾಸು. ಚಿಂತಾಮಣಿ, ಶಿಡ್ಲಘಟ್ಟಗಳವರಿಗೆ ನೀರೆಂದರೆ ಕೆರೆ. ನೀರುನಾಯಿಯನ್ನು ಕಾಣಬಯಸುವವರು ತುಂಗಭದ್ರೆಯತ್ತ ಹೋಗುವುದು ಲೇಸು. ಅಲ್ಲಿ ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದೀಪಾತ್ರವನ್ನು ಸರ್ಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು.

ಅಲ್ಲಿ ಎಷ್ಟು ನೀರುನಾಯಿಗಳಿವೆ? ಎಲ್ಲರೂ ಮೊದಲು ಕೇಳುವುದು ಇದನ್ನೇ. ಸ್ವಯಂಚಾಲಿತ ಕ್ಯಾಮೆರಾಗಳನ್ನು ದಡದಲ್ಲಿ ಕಟ್ಟಿದರೆ ಲೆಕ್ಕ ಸಿಕ್ಕೀತೆಂದು ಹಲವರು ನಂಬಿರುವರು. ಈ ಪ್ರಶ್ನೆಯನ್ನು ಆ ಯಂತ್ರಕ್ಕೆ ಹಾಕುವುದೇ ಸಲ್ಲದೆಂದು ನಮ್ಮ ಅಭಿಪ್ರಾಯ.

ನಂಬಿಕೆಗೆ ಕಾರಣ ಹುಲಿ. 1990ರ ದಶಕದ ಮೊದಲಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಇಂತಹ ಛಾಯಾಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿ, 1995ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಅದು ಸಾಧ್ಯವಾದದ್ದು ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲದ ಕಾರಣ. ನಮ್ಮ ನೀರುನಾಯಿಗೋ ನುಣುಪಾದ ಕಂದುಮೈ. ಹತ್ತು ಚಿತ್ರಗಳಲ್ಲಿರುವುದು ಹತ್ತು ಪ್ರಾಣಿಗಳೋ ಹತ್ತು ಸಲ ಬಂದ ಒಂದೇ ಪ್ರಾಣಿಯೋ, ಯಾರು ಹೇಳಬಲ್ಲರು? ಇನ್ನೊಂದು ತೊಡಕೂ ಉಂಟು. ಪ್ರಾಣಿಯ ಮೈಯ ಶಾಖಕ್ಕೂ ಹಿನ್ನೆಲೆಯ ಶಾಖಕ್ಕೂ ಇರುವ ವ್ಯತ್ಯಾಸವನ್ನು ಗ್ರಹಿಸಿಯೇ ಈ ಕ್ಯಾಮೆರಾ ಎಚ್ಚರಗೊಳ್ಳುವುದು. ನೀರುನಾಯಿಯ ದಟ್ಟವಾದ ಒಳರೋಮವು ಗಾಳಿಯನ್ನು ಹಿಡಿದಿಟ್ಟು ಒಳಗಿನ ಬಿಸಿಯನ್ನು ಹೊರಬಿಡದು. ಆಗತಾನೆ ನೀರಿನಿಂದೆದ್ದ ಪ್ರಾಣಿಯ ಹೊರಮೈ ಹೆಚ್ಚುಕಡಮೆ ನೀರಿನಷ್ಟೇ ತಣ್ಣಗಿರುವುದರಿಂದ ಯಂತ್ರವು ಎಷ್ಟೋ ವೇಳೆ ಅದನ್ನು ಗಮನಿಸುವುದೇ ಇಲ್ಲ. ಖಾಲಿ ಚಿತ್ರವೆಂದರೆ ಖಾಲಿ ದಡವಲ್ಲ!

ಹಾಗಾದರೆ ಕ್ಯಾಮೆರಾ ವ್ಯರ್ಥವೇ? ಅಲ್ಲ. ಈ ಪ್ರಾಣಿಗಳು ಗೊತ್ತಾದ ಬಂಡೆಗಳ ಮೇಲೆ, ಮರಳದಿಣ್ಣೆಗಳ ಮೇಲೆ ಮತ್ತೆ ಮತ್ತೆ ಹಿಕ್ಕೆ ಹಾಕುವುವು. ಮೀನಿನ ಹುರುಪೆಗಳಿಂದ ಅದನ್ನು ಗುರುತಿಸಬಹುದು. ಅಲ್ಲಿಯೂ ಬಿಲದ ಬಾಯಲ್ಲಿಯೂ ವರ್ಷವಿಡೀ ಕ್ಯಾಮೆರಾ ಇಟ್ಟರೆ, ಮರಿಗಳು ಯಾವ ತಿಂಗಳಲ್ಲಿ ಹೊರಬರುವುವು, ಯಾವ ದಡವನ್ನು ಕುಟುಂಬವು ತೊರೆಯಿತು ಎಂಬುದು ತಿಳಿಯುವುದು. ಮೀಸಲು ಪ್ರದೇಶದ ಯೋಜನೆಗೆ ಬೇಕಾದದ್ದು ಇದೇ. ಸಿಡಿಮದ್ದಿನಿಂದ ಮೀನು ಹಿಡಿಯುವುದನ್ನು ಎಲ್ಲೆಡೆಯೂ ತಡೆಯಲೇಬೇಕು. ಆದರೆ ಹರಿಗೋಲಿನಲ್ಲಿ ಬಲೆ ಬೀಸಿ ಬದುಕುವ ಬೆಸ್ತನನ್ನು 34 ಕಿಲೋಮೀಟರ್ ಉದ್ದಕ್ಕೂ, ಹನ್ನೆರಡು ತಿಂಗಳೂ ದೂರವಿಡುವುದು ನ್ಯಾಯವಲ್ಲ, ನಡೆಯುವ ಮಾತೂ ಅಲ್ಲ. ಬಿಲವಿರುವ ದಡಕ್ಕೆ ಮಾತ್ರ, ಮರಿಗಳಿರುವ ತಿಂಗಳುಗಳಲ್ಲಿ ಮಾತ್ರ ಎಂದು ಚಿತ್ರವನ್ನು ತೋರಿಸಿ ಹೇಳಿದರೆ ಅವನು ಒಪ್ಪಿಯಾನು.

ನದಿಯೂ ಸುಮ್ಮನಿರುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ತೂಬುಗೇಟು ಕೊಚ್ಚಿಹೋದಾಗ ನೀರು ಒಮ್ಮೆಲೇ ಕೆಳಗೆ ನುಗ್ಗಿತು. ಅಂತಹ ನೆರೆಯ ಹಿಂದಿನ ಮತ್ತು ಮುಂದಿನ ತಿಂಗಳುಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ, ಈ ದಡವನ್ನು ಕಾಯತಕ್ಕದ್ದು, ಆ ದಡವನ್ನು ಬಿಡತಕ್ಕದ್ದು ಎಂದು ನಕ್ಷೆಯಲ್ಲಿ ಗೆರೆ ಎಳೆಯುವುದು ಆತುರದ ಕೆಲಸವಾದೀತು.